ನಾಲಿಗೆ ಮುನಿದ ಮೇಲೆ

ಗಡಿನಾಡಿನಲ್ಲಿ ಹುಟ್ಟಿದವರಿಗೆ ದೇವರು ಎರಡು ನಾಲಿಗೆಗಳನ್ನು ಕೊಟ್ಟಿದ್ದಾನೆಂದು ನಮ್ಮ ಕಡೆಯ ಹಿರಿಯರು ವಿನೋದಕ್ಕಾಗಿ ಹೇಳುವುದುಂಟು. ಆಡಿದ ಮಾತಿಗೆ ತಪ್ಪುವವರೆಂಬ ಅರ್ಥದಲ್ಲಲ್ಲ. ಮನೆಯೊಳಗೆ ಒಂದು ನುಡಿ, ಹೊಸ್ತಿಲಿನಾಚೆ ಇನ್ನೊಂದು ನುಡಿ ಎಂಬ ಅರ್ಥದಲ್ಲಿ. ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಆದವಾನಿ, ಆಲೂರುಗಳೊಡನೆ ಆ ರಾಜ್ಯಕ್ಕೆ ಹೋಗಿ, ಅನಂತಪುರ ಜಿಲ್ಲೆಯ ಭಾಗವಾಯಿತು. ಮಡಕಶಿರಾ ಬಹುಕಾಲದಿಂದ ಅನಂತಪುರ ಜಿಲ್ಲೆಯಲ್ಲೇ ಇದ್ದು, ತುಮಕೂರು ಸೀಮೆಯನ್ನು ನೆರೆಯಾಗಿ ಪಡೆದ ತಾಲ್ಲೂಕು. 2022ರ ಏಪ್ರಿಲ್ ತಿಂಗಳಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾದಾಗ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹೀಗಾಗಿ ರಾಯದುರ್ಗದ ಅಂಗಡಿ ಬೀದಿಯಲ್ಲಾಗಲಿ, ಮಡಕಶಿರಾ ಕಡೆಯ ರೊಳ್ಳ, ಅಮರಾಪುರ, ಅಗಳಿಗಳಲ್ಲಾಗಲಿ, ಕನ್ನಡದಲ್ಲಿ ಆರಂಭವಾದ ವಾಕ್ಯ ತೆಲುಗಿನಲ್ಲಿ ಮುಗಿದರೆ ಯಾರಿಗೂ ಸೋಜಿಗವಾಗುವುದಿಲ್ಲ. ಇಂತಹ ಎರಡು ನಾಲಿಗೆಗಳ ಮನುಷ್ಯನಿಗೆ ಒಂದು ನಾಲಿಗೆಯೂ ಇಲ್ಲದಂತಾದರೆ ಏನು ಗತಿ ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿದೆ. ಏಕೆಂದರೆ ನನ್ನ ಬಳಗದಲ್ಲಿಯೇ ಇಬ್ಬರು ಹಿರಿಯರು ಮಾತನ್ನು ಕಳೆದುಕೊಂಡರು.

ಮೊದಲನೆಯವರು ರಾಯದುರ್ಗದ ನಮ್ಮ ಸೋದರತ್ತೆ. ಗಂಡ ತೀರಿಕೊಂಡ ಮೇಲೆ ಬಟ್ಟೆಯಂಗಡಿಯನ್ನು ಮೂವತ್ತು ವರ್ಷ ತಾವೇ ನಡೆಸಿದವರು. ಒಂದು ಬೆಳಗ್ಗೆ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತೂ ನಿಂತಿತು. ಮಿದುಳಿನ ಎಡಭಾಗಕ್ಕೆ ರಕ್ತ ಹರಿಯದೆ ಆದ ಪಾರ್ಶ್ವವಾಯು ಎಂದು ವೈದ್ಯರು ಹೇಳಿದರು. ಕೆಲವು ವಾರಗಳಾದ ಮೇಲೆ ನಮಗೊಂದು ವಿಚಿತ್ರ ಕಂಡಿತು. ಬಾಯಾರಿದಾಗ ‘ನೀರು’ ಎಂಬ ಎರಡಕ್ಷರ ಅವರಿಗೆ ಹೊರಡುತ್ತಿರಲಿಲ್ಲ. ಮೊಮ್ಮಗಳ ಹೆಸರು ಬರುತ್ತಿರಲಿಲ್ಲ. ಆದರೆ ಯಾರಾದರೂ ಬಟ್ಟೆಯ ತುಂಡೊಂದನ್ನು ಕೈಗಿತ್ತರೆ ‘ಒಕಟಿ, ರೆಂಡು, ಮೂಡು’ ಎಂದು ತೆಲುಗಿನಲ್ಲಿ ಹತ್ತರವರೆಗೆ ತಡವಿಲ್ಲದೆ ಎಣಿಸುತ್ತಿದ್ದರು. ಮಂಗಳವಾರ ಸಂಜೆ ದೀಪ ಹಚ್ಚಿದಾಗ ಕನ್ನಡದ ಆರತಿ ಹಾಡನ್ನು ರಾಗವಾಗಿ ಹಾಡಿಬಿಡುತ್ತಿದ್ದರು. ಹಾಡು ಮುಗಿದೊಡನೆ ಮತ್ತೆ ಮೌನ.

ಎರಡನೆಯವರು ಮಡಕಶಿರಾ ಕಡೆಯ ನನ್ನ ಭಾವನವರು, ಅಕ್ಕನ ಯಜಮಾನರು. ಕನ್ನಡ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಅವರಿಗೆ ಕೇಡು ಒಂದೇ ಬೆಳಗಿನಲ್ಲಿ ಬರಲಿಲ್ಲ. ಮೊದಲು ಸೀಮೆಸುಣ್ಣ ಹಿಡಿದ ಬೆರಳು ಸೋತಿತು. ಮುಂದಿನ ವರ್ಷ ತೋಳು. ಆಮೇಲೆ ನಾಲಿಗೆ ತೊದಲಿ, ಕಡೆಗೆ ಉಲಿಯೂ ಅಡಗಿತು. ಚಲನೆಯನ್ನು ನಡೆಸುವ ನರಕೋಶಗಳು ಒಂದೊಂದಾಗಿ ಕುಂದುವ ರೋಗವೆಂದು ಬೆಂಗಳೂರಿನಲ್ಲಿ ತಿಳಿಸಿದರು. ಬುದ್ಧಿಯಾದರೋ ಹಿಂದಿನಂತೆಯೇ ತಿಳಿಯಾಗಿತ್ತು. ಅವರ ಮಗಳು ವರ್ಣಮಾಲೆಯ ಪಟವೊಂದನ್ನು ಮುಂದೆ ಹಿಡಿದು ಸಾಲು ಸಾಲಾಗಿ ಬೆರಳಿಡುವಳು; ಬೇಕಾದ ಸಾಲು ಬಂದಾಗ ಅವರು ಕಣ್ಣು ಮುಚ್ಚುವರು; ಮತ್ತೆ ಆ ಸಾಲಿನಲ್ಲಿ ಅಕ್ಷರ. ಒಂದು ವಾಕ್ಯಕ್ಕೆ ಅರ್ಧ ಗಂಟೆ. 1995ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಫ್ರಾನ್ಸಿನ ಪತ್ರಕರ್ತ ಜಾನ್ ದೊಮಿನಿಕ್ ಬೋಬಿ ಎಡಗಣ್ಣಿನ ರೆಪ್ಪೆಯೊಂದನ್ನೇ ಆಡಿಸಿ ಇಡೀ ಪುಸ್ತಕ ಬರೆಸಿ 1997ರಲ್ಲಿ ಪ್ರಕಟಿಸಿದ್ದು ಇದೇ ಬಗೆಯ ತಾಳ್ಮೆಯಿಂದ.

ಭಾವನವರ ಮಗ ಬೆಂಗಳೂರಿನಲ್ಲಿ ಉದ್ಯೋಗಿ. ಅವನೊಮ್ಮೆ ಊರಿಗೆ ಬಂದವನು, ‘ಮಾವ, ತಲೆಗೆ ಪಟ್ಟಿ ಕಟ್ಟಿದರೆ ಮನಸ್ಸಿನ ಮಾತನ್ನು ಓದಿ ಹೇಳುವ ಯಂತ್ರ ಬಂದಿದೆಯಂತೆ. ಕಡಲೆಕಾಯಿ ಬೆಳೆಯುವ ಎರಡೂವರೆ ಎಕರೆ ಹೊಲ ಮಾರಿದರೂ ಸರಿ, ಅಪ್ಪನಿಗೊಂದು, ರಾಯದುರ್ಗದ ಅಜ್ಜಿಗೊಂದು ತರೋಣ’ ಎಂದನು. ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನಾದ್ದರಿಂದ ವಿಷಯವನ್ನು ತಿಳಿದು ಹೇಳುವ ಹೊಣೆ ನನ್ನ ಮೇಲೆ ಬಿತ್ತು. ಆಗ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ಈಗ ನಮ್ಮ ಬಂಧುಗಳಾದ ವಾಚಕರ ಮುಂದಿಡುತ್ತಿದ್ದೇನೆ. ಇಂತಹ ಪ್ರಶ್ನೆ ನಾಳೆ ಯಾವ ಮನೆಯ ಜಗಲಿಯಲ್ಲೂ ಏಳಬಹುದು.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಒಂದಕ್ಕೊಂದು ಸುದ್ದಿ ಕಳುಹಿಸುವುದು ಅತಿ ಸಣ್ಣ ವಿದ್ಯುತ್ ಮಿಡಿತಗಳಿಂದ. ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ತು ಸುಳಿಯುವುದನ್ನು ಇಂಗ್ಲೆಂಡಿನ ಲಿವರ್‌ಪೂಲಿನ ವೈದ್ಯ ರಿಚರ್ಡ್ ಕೇಟನ್ 1875ರಲ್ಲಿಯೇ ವರದಿ ಮಾಡಿದ್ದನು. ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲು ಬರೆದುಕೊಂಡವನು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬೆರ್ಗರ್. ಅವನು ತರುಣನಾಗಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಸಾವಿನ ಸಮೀಪಕ್ಕೆ ಹೋಗಿ ಬದುಕಿದನು. ಅದೇ ದಿನ ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಪತ್ತೆಂದು ತೋರಿ ತಂದೆಯಿಂದ ತಂತಿ ಕೊಡಿಸಿದಳು. ಮನಸ್ಸಿನಿಂದ ಮನಸ್ಸಿಗೆ ಏನೋ ಹರಿಯುತ್ತದೆಂಬ ನಂಬಿಕೆ ಅವನಲ್ಲಿ ಬೇರೂರಿತು. ಅದನ್ನು ಹುಡುಕುತ್ತ 1924ರಲ್ಲಿ ಅವನು ಕಂಡದ್ದು ಬೇರೆಯೇ ವಸ್ತು: ತಲೆಯ ಮೇಲೆ ವಿದ್ಯುದ್ವಾರವಿಟ್ಟು ಅಳೆಯಬಲ್ಲ ಲಯಬದ್ಧವಾದ ಅಲೆಗಳು. 1929ರಲ್ಲಿ ಅದನ್ನು ಪ್ರಕಟಿಸಿದನು. ಮೂರ್ಛೆರೋಗದ ಪರೀಕ್ಷೆಗೆ ಇಂದು ನಮ್ಮ ಊರುಗಳಲ್ಲೂ ‘ಇ.ಇ.ಜಿ. ತೆಗೆಸಿದೆವು’ ಎನ್ನುತ್ತಾರಲ್ಲ, ಅದರ ಮೂಲ ಇದೇ.

ಆ ಅಲೆಗಳು ಎಷ್ಟು ಸಣ್ಣವು ಎಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಟಾರ್ಚಿನ ಒಂದು ಸೆಲ್ಲಿನ ಒತ್ತಡ ಒಂದೂವರೆ ವೋಲ್ಟು. ತಲೆಯ ಚರ್ಮದ ಮೇಲೆ ಸಿಗುವ ಮಿದುಳಿನ ಅಲೆ ಅದರ ಲಕ್ಷದಲ್ಲೊಂದು ಪಾಲಿನ ಆಸುಪಾಸಿನದು. ಲಕ್ಷಾಂತರ ನರಕೋಶಗಳ ಮಿಡಿತ ಒಂದರೊಡನೊಂದು ಬೆರೆತು, ತಲೆಬುರುಡೆಯನ್ನು ದಾಟಿ ಬರುವ ಗುಜುಗುಜು ಅದು. ಜಾತ್ರೆಯ ಗದ್ದಲವನ್ನು ಊರಾಚೆಯ ಗುಡ್ಡದ ಮೇಲೆ ನಿಂತು ಕೇಳಿದರೆ ತೇರು ಹೊರಟಿತೋ ನಿಂತಿತೋ ಎಂದು ತಿಳಿಯಬಹುದೇ ಹೊರತು ಯಾವ ಅಂಗಡಿಯಲ್ಲಿ ಯಾರು ಏನು ಚೌಕಾಸಿ ಮಾಡಿದರೆಂದು ತಿಳಿಯಲಾಗದು. ತಲೆಯ ಮೇಲಿಂದ ಓದುವ ಯಂತ್ರಗಳ ಶಕ್ತಿಯೂ ಮಿತಿಯೂ ಇಷ್ಟೇ.

ಈ ಅಲೆಗಳನ್ನು ಗಣಕಯಂತ್ರಕ್ಕೆ ಆಜ್ಞೆಯಾಗಿ ಕೊಡಬಹುದೇ ಎಂದು ಸ್ಪಷ್ಟವಾಗಿ ಕೇಳಿ, ‘ಮಿದುಳು-ಗಣಕ ಸಂಪರ್ಕ’ ಎಂಬ ಅರ್ಥದ ಹೆಸರನ್ನೂ 1973ರಲ್ಲಿ ಇಟ್ಟವರು ಅಮೆರಿಕದ ಲಾಸ್ ಏಂಜಲಿಸಿನ ವಿಶ್ವವಿದ್ಯಾಲಯದ ಜಾಕ್ ವಿಡಾಲ್. 1988ರಲ್ಲಿ ಲಾರೆನ್ಸ್ ಫಾರ್ವೆಲ್ ಮತ್ತು ಇಮ್ಯಾನ್ಯುಯಲ್ ಡೊಂಚಿನ್ ಎಂಬವರು ಅದರಿಂದ ಅಕ್ಷರ ಬರೆಯುವ ಬಗೆಯನ್ನು ತೋರಿಸಿದರು. ಆರು ಸಾಲು, ಆರು ಕಂಬಗಳ ಒಂದು ಚೌಕ, ಅದರಲ್ಲಿ ಅಕ್ಷರಗಳು. ಸಾಲುಗಳೂ ಕಂಬಗಳೂ ಒಂದಾದ ಮೇಲೊಂದು ಮಿನುಗುತ್ತವೆ. ತಾನು ಕಾಯುತ್ತಿರುವ ಅಕ್ಷರ ಮಿನುಗಿದಾಗ, ಸುಮಾರು ಒಂದು ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಕಳೆದ ಮೇಲೆ, ನೋಡುವವನ ಮಿದುಳಿನಲ್ಲೊಂದು ಸಣ್ಣ ಉಬ್ಬಲೆ ಏಳುತ್ತದೆ. ಯಂತ್ರ ಅದನ್ನು ಹಿಡಿದು ಅಕ್ಷರವನ್ನು ಗುರುತಿಸುತ್ತದೆ. ನಿಮಿಷಕ್ಕೆ ಎರಡು ಮೂರು ಅಕ್ಷರ. ವಿಚಾರಿಸಿ ನೋಡಿದರೆ ಇದು ನನ್ನ ಸೋದರಸೊಸೆ ವರ್ಣಮಾಲೆಯ ಪಟದ ಮೇಲೆ ಬೆರಳಾಡಿಸುವ ಕ್ರಮವೇ. ಕಣ್ಣಿನ ರೆಪ್ಪೆಯ ಬದಲಿಗೆ ಮಿದುಳಿನ ಉಬ್ಬಲೆ, ಅಷ್ಟೆ.

ಇಲ್ಲಿ ಕನ್ನಡಿಗರಿಗೊಂದು ತೊಡಕಿದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳೂ ಹತ್ತು ಅಂಕಿಗಳೂ ಆ ಮೂವತ್ತಾರು ಮನೆಗಳಲ್ಲಿ ಸರಿಯಾಗಿ ಕೂರುತ್ತವೆ. ನಮ್ಮ ವರ್ಣಮಾಲೆಯೇ ನಾಲ್ವತ್ತೊಂಬತ್ತು. ಕಾಗುಣಿತ ಸೇರಿದರೆ ಐನೂರನ್ನು ಮೀರುತ್ತದೆ. ಒತ್ತಕ್ಷರಗಳ ಲೆಕ್ಕ ಬೇರೆ. ಆದ್ದರಿಂದ ಮೊದಲು ವ್ಯಂಜನವನ್ನು ಆರಿಸಿ, ಆಮೇಲೆ ಗುಣಿತವನ್ನು ಆರಿಸುವಂತೆ ಎರಡು ಮೆಟ್ಟಿಲುಗಳಲ್ಲಿ ಏರಬೇಕಾಗುತ್ತದೆ. ಒಬ್ಬ ಇಂಗ್ಲಿಷ್ ರೋಗಿಗೆಂದು ಮಾಡಿದ ಯಂತ್ರವನ್ನು ತಂದು ಭಾವನವರ ಮುಂದಿಟ್ಟಮಾತ್ರಕ್ಕೆ ಅವರ ಕೆಲಸ ನಡೆಯುವುದಿಲ್ಲವೆಂಬುದು ನನಗೆ ಆಗಲೇ ಹೊಳೆಯಿತು.

ಜಾತ್ರೆಯ ಗದ್ದಲವನ್ನು ಗುಡ್ಡದ ಮೇಲಿಂದ ಕೇಳುವ ಬದಲು ಜಾತ್ರೆಯೊಳಕ್ಕೇ ಹೊಕ್ಕರೆ? ಅದೇ ಇನ್ನೊಂದು ಮಾರ್ಗ. ತಲೆಬುರುಡೆಯನ್ನು ತೆರೆದು ಮಿದುಳಿನ ಮೇಲೆ ತೆಳು ಹಾಳೆಯಂತಹ ವಿದ್ಯುದ್ವಾರಗಳನ್ನು ಹಾಸುವುದು, ಇಲ್ಲವೆ ಕೂದಲೆಳೆಯಷ್ಟು ಸಣ್ಣ ಸೂಜಿಗಳನ್ನು ಒಳಗೆ ಊರುವುದು. ಕೋತಿಯೊಂದು ತನ್ನ ಒಂದೇ ನರಕೋಶದ ಮಿಡಿತವನ್ನು ಬೇಕೆಂದೇ ಹೆಚ್ಚಿಸಬಲ್ಲದೆಂದು ಎಬರ್ಹಾರ್ಡ್ ಫೆಟ್ಜ್ 1969ರಲ್ಲಿ ತೋರಿಸಿದ್ದನು. 2004ರಲ್ಲಿ ಕುತ್ತಿಗೆಯಿಂದ ಕೆಳಗೆ ಸ್ವಾಧೀನವಿಲ್ಲದ ಅಮೆರಿಕದ ತರುಣನೊಬ್ಬನ ಮಿದುಳಿನಲ್ಲಿ 96 ಸೂಜಿಗಳ ಬಿಲ್ಲೆಯೊಂದನ್ನಿಟ್ಟರು. ಕೈಯಾಡಿಸುವುದನ್ನು ಮನಸ್ಸಿನಲ್ಲಿ ನೆನೆದೇ ಅವನು ಗಣಕದ ಪರದೆಯ ಮೇಲೆ ಗುರುತನ್ನು ಸರಿಸಿದನು. 2012ರಲ್ಲಿ ಪ್ರಕಟವಾದ ವರದಿಯಲ್ಲಿ, ಹದಿನೈದು ವರ್ಷಗಳಿಂದ ಕೈಕಾಲು ಬಾರದಿದ್ದ ಹೆಂಗಸೊಬ್ಬರು ಯಂತ್ರದ ತೋಳಿನಿಂದ ಕಾಫಿಯ ಸೀಸೆಯನ್ನು ಬಾಯಿಗೆ ತಂದುಕೊಂಡು ಕುಡಿದ ವೃತ್ತಾಂತವಿದೆ. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಎಂಬ ಸಂಸ್ಥೆ 1,024 ವಿದ್ಯುದ್ವಾರಗಳ ಸಾಧನವನ್ನು ಮೊದಲ ಬಾರಿ ಮನುಷ್ಯನಿಗೆ ಅಳವಡಿಸಿತು. ಅದನ್ನು ಪಡೆದವನು ಮನಸ್ಸಿನಿಂದಲೇ ಚದುರಂಗವಾಡಿದನು.

ನಮಗೆ ಬೇಕಾದದ್ದು ಮಾತಿನ ವಿಷಯ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಎಡ್ವರ್ಡ್ ಚಾಂಗ್ ಮತ್ತು ಸಂಗಡಿಗರು, ಪಾರ್ಶ್ವವಾಯುವಿನಿಂದ ಮಾತು ಹೋದ ಒಬ್ಬನಿಗೆ 50 ಪದಗಳ ಒಂದು ಚಿಕ್ಕ ಕೋಶದಿಂದ ವಾಕ್ಯಗಳನ್ನು ಹೊರಡಿಸಿದರು. 2023ರಲ್ಲಿ ಎರಡು ತಂಡಗಳು ನಿಮಿಷಕ್ಕೆ 62 ಮತ್ತು 78 ಪದಗಳ ವೇಗವನ್ನು ಮುಟ್ಟಿದವು. 2024ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸಿನಲ್ಲಿ, ನನ್ನ ಭಾವನವರಿಗೆ ಬಂದಂತಹದೇ ರೋಗವಿದ್ದ ವ್ಯಕ್ತಿಯ ಮಾತನ್ನು ನೂರಕ್ಕೆ 97ರಷ್ಟು ಸರಿಯಾಗಿ ಬರೆಹಕ್ಕಿಳಿಸಿದುದು ಪ್ರಕಟವಾಯಿತು.

ಇಷ್ಟನ್ನು ಕೇಳಿದ ನನ್ನ ಸೋದರಳಿಯ, ‘ಮತ್ತೇನು ಮಾವ, ಮನಸ್ಸನ್ನು ಓದಿದಂತೆಯೇ ಆಯಿತಲ್ಲ!’ ಎಂದನು. ಆಗಲಿಲ್ಲ. ಈ ಯಂತ್ರಗಳು ಆಲಿಸುವುದು ಮನಸ್ಸಿನ ಗುಟ್ಟನ್ನಲ್ಲ. ತುಟಿ, ನಾಲಿಗೆ, ದವಡೆ, ಗಂಟಲುಗಳಿಗೆ ಮಿದುಳು ಕೊಡತಕ್ಕ ಅಪ್ಪಣೆಯನ್ನು. ‘ಪ’ ಎನ್ನಲು ತುಟಿಗಳು ಕೂಡಬೇಕು, ‘ಕ’ ಎನ್ನಲು ನಾಲಿಗೆಯ ಬುಡ ಮೇಲಕ್ಕೇರಬೇಕು. ಅಪ್ಪಣೆ ಹೊರಟಿದೆ, ದಾರಿಯಲ್ಲಿ ಸೇತುವೆ ಕುಸಿದುದರಿಂದ ತುಟಿಯವರೆಗೆ ಮುಟ್ಟಲಿಲ್ಲ. ಯಂತ್ರವು ಹೊರಟ ಕಡೆಯೇ ಅದನ್ನು ಪಡೆದು ಬೇರೆ ದಾರಿಯಿಂದ ಸಾಗಿಸುತ್ತದೆ. ರೋಗಿಯು ಗಂಟೆಗಟ್ಟಲೆ, ದಿನಗಟ್ಟಲೆ ವಾಕ್ಯಗಳನ್ನು ಆಡಲು ಯತ್ನಿಸಿ ಯಂತ್ರಕ್ಕೆ ಪಾಠ ಹೇಳಬೇಕು. ಒಬ್ಬರ ಮಿದುಳಿಗೆ ಪಳಗಿದ ಯಂತ್ರ ಇನ್ನೊಬ್ಬರಿಗೆ ಹಾಗೆಯೇ ಒದಗದು.

ಇದರಿಂದ ನಮ್ಮ ಇಬ್ಬರು ಹಿರಿಯರ ಸ್ಥಿತಿಯಲ್ಲಿರುವ ಭೇದ ಬೆಳಕಿಗೆ ಬಂತು. ಭಾವನವರಲ್ಲಿ ವಾಕ್ಯ ಪೂರ್ಣವಾಗಿ ಸಿದ್ಧವಾಗುತ್ತದೆ; ಅದನ್ನು ಒಯ್ಯುವವರಿಲ್ಲ. ಅತ್ತೆಯವರಲ್ಲಿ ಪದಗಳನ್ನು ಹುಡುಕಿ ಜೋಡಿಸುವ ಸ್ಥಳಕ್ಕೇ ಪೆಟ್ಟಾಗಿದೆ. ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ‘ತಾನ್’ ಎಂಬ ಒಂದೇ ಸದ್ದನ್ನು ಆಡಬಲ್ಲ ರೋಗಿಯ ಮಿದುಳನ್ನು ಅವನ ಮರಣಾನಂತರ ಪರೀಕ್ಷಿಸಿ, ಎಡಭಾಗದ ಮುಂದಣ ಪ್ರದೇಶ ಕೆಟ್ಟಿರುವುದನ್ನು ಕಂಡನು. ಅಂತಹವರಲ್ಲಿ ಅಪ್ಪಣೆಯೇ ಸರಿಯಾಗಿ ಹೊರಡುವುದಿಲ್ಲ. ಹೊರಡದುದನ್ನು ಯಾವ ಯಂತ್ರ ಒಯ್ದೀತು? ಇಂದಿರುವ ಮಾತಿನ ಯಂತ್ರಗಳು ಭಾವನವರಂತಹವರಿಗಾಗಿ, ಅತ್ತೆಯವರಂತಹವರಿಗಾಗಿ ಅಲ್ಲ. ‘ಮಾತು ಹೋಯಿತು’ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಬೇರೆ ಬೇರೆ ನಷ್ಟಗಳಿವೆ. ಇದನ್ನರಿಯದೆ ಹೊಲ ಮಾರಿದ್ದರೆ ಹೊಲವೂ ಹೋಗುತ್ತಿತ್ತು, ಆಸೆಯೂ ಹೋಗುತ್ತಿತ್ತು.

ಅತ್ತೆಯವರಿಗೆ ತೆಲುಗಿನ ಎಣಿಕೆ ಉಳಿದು ಕನ್ನಡದ ನೀರು ಹೋದುದೇಕೆ? ಗಾದೆ, ಎಣಿಕೆ, ವಾರಗಳ ಹೆಸರು, ಹಾಡು ಇವು ಬಾಯಿಪಾಠದಿಂದ ತಾವಾಗಿ ಹರಿಯುವಂಥವು. ಹೊಸದಾಗಿ ಪದ ಹುಡುಕಿ ಜೋಡಿಸುವುದಕ್ಕಿಂತ ಇವುಗಳ ಮಾರ್ಗ ಬೇರೆ. ಮೂವತ್ತು ವರ್ಷ ಗಿರಾಕಿಗಳ ಮುಂದೆ ಅಳೆದ ಎಣಿಕೆ ತೆಲುಗಿನದು. ತಾಯಿಯಿಂದ ಬಂದ ಹಾಡು ಕನ್ನಡದ್ದು. ಎರಡು ನುಡಿ ಬಲ್ಲವರಿಗೆ ಪೆಟ್ಟಾದಾಗ ಮೊದಲು ಕಲಿತ ನುಡಿ ಉಳಿಯುವುದೆಂದು ಫ್ರಾನ್ಸಿನ ರಿಬೋ 1881ರಲ್ಲಿ ಹೇಳಿದನು. ಹೆಚ್ಚು ಬಳಸಿದ ನುಡಿ ಮೊದಲು ಮರಳುವುದೆಂದು ಪಿತ್ರ್ ಎಂಬವನು 1895ರಲ್ಲಿ ಹೇಳಿದನು. ಬಹುಮಂದಿಯಲ್ಲಿ ಎರಡೂ ಜೊತೆಜೊತೆಗೇ ಮರಳುತ್ತವೆಂಬುದು ಇತ್ತೀಚಿನ ಅನುಭವ. ಅತ್ತೆಯವರಿಗೂ ಹಾಗೆಯೇ ಆಗುತ್ತಿದೆ. ರಾಗದ ಆಸರೆಯಿಂದ ಮಾತನ್ನು ಮರಳಿಸುವ ಒಂದು ಚಿಕಿತ್ಸಾಕ್ರಮವನ್ನು 1973ರಲ್ಲಿ ಅಮೆರಿಕದ ಬಾಸ್ಟನ್ನಿನವರು ಪ್ರಕಟಿಸಿದ್ದರು. ವಾಕ್ ಚಿಕಿತ್ಸಕಿಯೊಬ್ಬರು ಹೇಳಿಕೊಟ್ಟಂತೆ ಮೊಮ್ಮಗಳು ಅಜ್ಜಿಯ ಎಡಗೈಯನ್ನು ತಾಳಕ್ಕೆ ತಟ್ಟುತ್ತ, ‘ನೀರು ಬೇಕು’ ಎಂಬುದನ್ನು ಆರತಿ ಹಾಡಿನ ಧಾಟಿಯಲ್ಲಿ ಹೇಳಿಸುತ್ತ ಬಂದಳು. ನಾಲ್ಕು ತಿಂಗಳಿಗೆ ಆ ಎರಡು ಮಾತು ರಾಗವಿಲ್ಲದೆಯೂ ಬಂದವು. ಇದಕ್ಕೆ ವಿದ್ಯುತ್ತೂ ಬೇಕಾಗಲಿಲ್ಲ, ಹೊಲವೂ ಬೇಕಾಗಲಿಲ್ಲ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂತಹ ಚಿಕಿತ್ಸಕರನ್ನು ಅನೇಕ ವರ್ಷಗಳಿಂದ ತರಬೇತುಗೊಳಿಸುತ್ತಿದೆ. ಗಡಿಯಾಚೆಯ ನಮಗೂ ಕನ್ನಡದಲ್ಲಿಯೇ ಚಿಕಿತ್ಸೆ ಸಿಗುವ ಸ್ಥಳವೆಂದು ನಮ್ಮವರು ನೆನಪಿಡತಕ್ಕದ್ದು.

ಎರಡು ನುಡಿಗಳ ಪ್ರಶ್ನೆ ಯಂತ್ರಗಳಿಗೂ ಎದುರಾಗಿದೆ. ಮೇಲೆ ಹೇಳಿದ ಸ್ಯಾನ್ ಫ್ರಾನ್ಸಿಸ್ಕೋದ ರೋಗಿಯ ತಾಯ್ನುಡಿ ಸ್ಪ್ಯಾನಿಷ್. ಇಂಗ್ಲಿಷನ್ನು ಕಲಿತದ್ದು ಆಮೇಲೆ. 2024ರಲ್ಲಿ ಅದೇ ತಂಡದವರು ಅವನಿಂದ ಎರಡೂ ನುಡಿಗಳ ವಾಕ್ಯಗಳನ್ನು ಹೊರಡಿಸಿದರು. ಅವನು ಯಾವ ನುಡಿಯಲ್ಲಿ ಆಡಲು ಬಯಸಿದ್ದಾನೆಂಬುದನ್ನು ಯಂತ್ರ ತಾನೇ ಗುರುತಿಸುತ್ತಿತ್ತು. ಒಂದು ನುಡಿಗೆ ಪಳಗಿದ ಯಂತ್ರಕ್ಕೆ ಇನ್ನೊಂದನ್ನು ಕಲಿಸುವುದು ಸುಲಭವಾಯಿತೆಂಬುದೂ ಕಂಡುಬಂತು; ಏಕೆಂದರೆ ನುಡಿ ಯಾವುದಾದರೂ ತುಟಿ ನಾಲಿಗೆಗಳು ಅವೇ ತಾನೆ? ಕನ್ನಡದಲ್ಲಿ ತೊಡಗಿ ತೆಲುಗಿನಲ್ಲಿ ಮುಗಿಸುವ ನಮ್ಮಂತಹವರಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇರಿಲ್ಲ.

ಹಾಗಾದರೆ ಭಾವನವರಿಗೆ ಯಂತ್ರ ಹಾಕಿಸಬಹುದಿತ್ತಲ್ಲ ಎಂದು ವಾಚಕರು ಕೇಳಬಹುದು. ಮಿದುಳಿನೊಳಗಿನ ಮಾತಿನ ಯಂತ್ರಗಳೆಲ್ಲ ಪ್ರಯೋಗದ ಘಟ್ಟದವು. ಹಣ ಕೊಟ್ಟು ಕೊಳ್ಳುವ ವಸ್ತುಗಳಲ್ಲ. ಸಂಶೋಧಕರು ಆಯ್ದ ಕೆಲವರಿಗೆ ಮಾತ್ರ. ಶಸ್ತ್ರಕ್ರಿಯೆಯಲ್ಲಿ ರಕ್ತಸ್ರಾವ, ಸೋಂಕುಗಳ ಭಯವಿದೆ. ಊರಿದ ಸೂಜಿಯ ಸುತ್ತ ಕಾಲಕ್ರಮದಲ್ಲಿ ಗಾಯದ ಪೊರೆ ಬೆಳೆದು ಸಂಕೇತ ಮಸುಕಾಗುತ್ತದೆ. ತಯಾರಿಸಿದ ಕಂಪನಿಯೇ ಕೈಬಿಟ್ಟರೆ ಇನ್ನೂ ಕಷ್ಟ. ಕುರುಡರ ಕಣ್ಣಿನ ಅಕ್ಷಿಪಟಲಕ್ಕೆ ವಿದ್ಯುದ್ವಾರಗಳನ್ನಿಡುತ್ತಿದ್ದ ಸೆಕೆಂಡ್ ಸೈಟ್ ಎಂಬ ಅಮೆರಿಕದ ಸಂಸ್ಥೆ 2020ರಲ್ಲಿ ಮುಚ್ಚುವ ಸ್ಥಿತಿಗೆ ಬಂದಾಗ, ಅದನ್ನು ಕಣ್ಣಿನಲ್ಲಿಟ್ಟುಕೊಂಡಿದ್ದ ನೂರಾರು ಮಂದಿಗೆ ದುರಸ್ತಿ ಮಾಡಿಕೊಡುವವರಿಲ್ಲವಾದರು. ಇನ್ನು ಸೋದರಳಿಯನು ಜಾಹೀರಾತಿನಲ್ಲಿ ಕಂಡಿದ್ದ ತಲೆಪಟ್ಟಿಯ ವಿಷಯ. ಹಣೆಗೆ ಕಟ್ಟುವ ಅಂತಹ ಪಟ್ಟಿಗಳಿಗೆ ಮಿದುಳಿನ ಅಲೆಗಿಂತ ಹಣೆಯ ಸ್ನಾಯು ಮತ್ತು ಕಣ್ರೆಪ್ಪೆಯ ಅಲುಗಾಟವೇ ಹೆಚ್ಚು ಬಲವಾಗಿ ತಾಗುವುದು. ಅದನ್ನು ಮನಸ್ಸಿನ ಮಾತೆಂದು ನಂಬಲಾಗದು.

ಈ ಎಲ್ಲವನ್ನೂ ಭಾವನವರ ಮುಂದೆಯೇ ವಿವರಿಸಿದೆ. ರೋಗಿಯ ವಿಚಾರವನ್ನು ರೋಗಿಯನ್ನು ಬಿಟ್ಟು ಪಕ್ಕದ ಕೋಣೆಯಲ್ಲಿ ಮಾತನಾಡುವುದು ನಮ್ಮ ಮನೆಗಳ ವಾಡಿಕೆ. ಮಾತು ಹೋದವರಿಗೆ ಅದಕ್ಕಿಂತ ದೊಡ್ಡ ನೋವಿಲ್ಲ. ಅವರು ಪಟದ ಮೇಲೆ ಬಹಳ ಹೊತ್ತು ಕಣ್ಣು ಮುಚ್ಚಿ ತೆರೆದು, ‘ಹೊಲ ಅವಳದು’ ಎಂದು ಬರೆಸಿದರು. ಅವಳೆಂದರೆ ಅಕ್ಕ. ಸ್ವಲ್ಪ ಹೊತ್ತಿನ ಮೇಲೆ, ‘ಯಂತ್ರಕ್ಕೆ ಯಾರ ದನಿ?’ ಎಂದು ಕೇಳಿದರು.

ಮೊದಲನೆಯ ಮಾತಿನಿಂದ ಹೊಲದ ಪ್ರಶ್ನೆ ತೀರಿತು. ಈ ರೋಗದಲ್ಲಿ ಕಣ್ಣನ್ನು ತಿರುಗಿಸುವ ಸ್ನಾಯುಗಳು ಸಾಮಾನ್ಯವಾಗಿ ಕಡೆಯವರೆಗೂ ಉಳಿಯುವುದರಿಂದ, ಕಣ್ಣಿನ ನೋಟವನ್ನು ಕ್ಯಾಮೆರಾದಿಂದ ಹಿಂಬಾಲಿಸಿ ಅಕ್ಷರ ಆರಿಸುವ ಸಾಧನಗಳುಂಟು. ತಲೆ ತೆರೆಯಬೇಕಾಗಿಲ್ಲ. ಜಗತ್ತಿಗೆಲ್ಲ ಪರಿಚಿತರಾಗಿದ್ದ ಸ್ಟೀಫನ್ ಹಾಕಿಂಗ್ ಅವರದೂ ಮಿದುಳಿನ ಯಂತ್ರವಾಗಿರಲಿಲ್ಲ; ಕೆನ್ನೆಯ ಒಂದು ಸ್ನಾಯುವಿನ ಅಲುಗಾಟದಿಂದ ಅವರು ತಮ್ಮ ಗಣಕವನ್ನು ನಡೆಸುತ್ತಿದ್ದರು. ಭಾವನವರಿಗೆ ಕಣ್ಣಿನ ನೋಟದ ಅಂತಹದೊಂದು ಸಾಧನವನ್ನು ಅಣಿಮಾಡಿ, ವ್ಯಂಜನ ಮೊದಲು, ಗುಣಿತ ಆಮೇಲೆ ಎಂಬ ಕ್ರಮದಲ್ಲಿ ಕನ್ನಡದ ಅಕ್ಷರಗಳನ್ನು ಜೋಡಿಸಲಾಯಿತು. ಈಗ ದಿನಕ್ಕೆ ಎಂಟು ಹತ್ತು ವಾಕ್ಯ ಬರೆಯುತ್ತಾರೆ. ಮೊದಲ ವಾರ ಬರೆದದ್ದರಲ್ಲಿ ಹೆಚ್ಚಿನ ಪಾಲು ಮಗನ ಕಾಗುಣಿತದ ತಪ್ಪುಗಳ ತಿದ್ದುಪಡಿ.

ಎರಡನೆಯ ಪ್ರಶ್ನೆ ನಮ್ಮೆಲ್ಲರನ್ನೂ ಎಚ್ಚರಿಸಿತು. 2023ರ ಸ್ಯಾನ್ ಫ್ರಾನ್ಸಿಸ್ಕೋದ ಪ್ರಯೋಗದಲ್ಲಿ, ಹದಿನೆಂಟು ವರ್ಷಗಳಿಂದ ಮಾತಿಲ್ಲದಿದ್ದ ಹೆಂಗಸಿಗೆ ಅವಳ ಮದುವೆಯ ದಿನದ ಮುದ್ರಿಕೆಯಿಂದ ಅವಳದೇ ಧ್ವನಿಯನ್ನು ಕೂಡಿಸಿಕೊಟ್ಟರು. ಡೇವಿಸಿನ ವ್ಯಕ್ತಿಗೂ ರೋಗಕ್ಕೆ ಮುಂಚಿನ ಧ್ವನಿಯನ್ನೇ ಹೊಂದಿಸಿದರು. ನಮ್ಮಲ್ಲಿ ಏನಿದೆ ಎಂದು ಅಕ್ಕನ ಮನೆಯ ಪೆಟ್ಟಿಗೆಗಳನ್ನೆಲ್ಲ ಹುಡುಕಿದೆವು. ಭಾವನವರು ನಿವೃತ್ತರಾದ ದಿನ ಶಾಲೆಯಲ್ಲಿ ಆಡಿದ ಮಾತುಗಳ ಒಂದು ಕ್ಯಾಸೆಟ್ಟು ಸಿಕ್ಕಿತು. ಹಳೆಯ ವಿದ್ಯಾರ್ಥಿಯೊಬ್ಬನು ಮುದ್ರಿಸಿಕೊಂಡಿದ್ದನು. ಸೋದರಳಿಯನ ಮಿತ್ರರು ಅದನ್ನು ಶುದ್ಧಿಗೊಳಿಸಿ, ಬರೆದದ್ದನ್ನು ಆ ಧ್ವನಿಯಲ್ಲಿ ಓದುವಂತೆ ಮಾಡಿದರು. ಹೋಲಿಕೆ ಪೂರ್ಣವಲ್ಲ. ಅಕ್ಕ ಕೇಳಿ, ‘ನೆಗಡಿಯಾದಾಗ ಹೀಗೇ ಮಾತಾಡುತ್ತಿದ್ದರು’ ಎಂದಳು. ಎಂದವಳು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಅತ್ತೆಯವರ ಅಂಗಡಿಯ ದಿನಗಳ ಧ್ವನಿಯಾದರೋ ಎಲ್ಲಿಯೂ ಉಳಿದಿಲ್ಲ.

ಇದು ಒಂದು ಮನೆಯ ವಿಷಯ ಮಾತ್ರವಲ್ಲ. ಮಿದುಳಿನ ಸಂಕೇತವನ್ನು ಮಾತಾಗಿಸುವ ಯಂತ್ರವು ಪದಗಳನ್ನು ಊಹಿಸುವುದು ಆ ನುಡಿಯ ಅಪಾರ ಬರೆಹ ಮತ್ತು ಮಾತಿನ ಸಂಗ್ರಹದ ನೆರವಿನಿಂದ. ಇಂಗ್ಲಿಷಿಗೆ ಅದು ರಾಶಿ ರಾಶಿಯಾಗಿದೆ. ಕನ್ನಡಕ್ಕೂ ಕೆಲಸ ನಡೆದಿದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಜಿ. ರಾಮಕೃಷ್ಣನ್ ಅವರು ಕನ್ನಡ ಬರೆಹವನ್ನು ಗುರುತಿಸುವ, ಓದಿ ಹೇಳುವ ತಂತ್ರಾಂಶಗಳ ಜೊತೆಗೆ, ಮನಸ್ಸಿನಲ್ಲೇ ಆಡಿಕೊಂಡ ಪದವನ್ನು ತಲೆಯ ಮೇಲಿನ ಅಲೆಗಳಿಂದ ಗುರುತಿಸುವ ಸಂಶೋಧನೆಯಲ್ಲೂ ತೊಡಗಿದವರು. ಆ ವಿಷಯದ ಅವರ ಹಾಗೂ ಶಿಷ್ಯರ ಸಮೀಕ್ಷೆ 2021ರ ಪ್ರಕಟಣೆ. ಅದೇ ಸಂಸ್ಥೆ ಗೂಗಲ್ ನೆರವಿನಿಂದ 2022ರಲ್ಲಿ ಆರಂಭಿಸಿದ ‘ವಾಣಿ’ ಯೋಜನೆ ದೇಶದ ಜನರ ಮಾತನ್ನು ಜಿಲ್ಲೆವಾರಾಗಿ ಸಂಗ್ರಹಿಸಹೊರಟಿದೆ. ಆಂಧ್ರದ ಜಿಲ್ಲೆಯೆಂದರೆ ತೆಲುಗು, ಕನ್ನಡವೆಂದರೆ ಕರ್ನಾಟಕ ಎಂಬ ಎಣಿಕೆಯ ನಡುವೆ ರಾಯದುರ್ಗ, ಮಡಕಶಿರಾಗಳ ಕನ್ನಡ ಜಾರಿಹೋಗದಂತೆ ನೋಡಿಕೊಳ್ಳಬೇಕಾದವರು ನಾವೇ.

ಮಿದುಳಿನ ಸಂಕೇತಗಳು ಪರರ ಕೈಸೇರಿದರೆ ಮನಸ್ಸಿನ ಗೌಪ್ಯ ಉಳಿಯುವುದೇ ಎಂಬ ಅಂಜಿಕೆ ಕೆಲವರಿಗುಂಟು. ಇಂದಿನ ಯಂತ್ರಗಳು ಆಡಲು ಯತ್ನಿಸಿದ್ದನ್ನೇ ಬಹುಮಟ್ಟಿಗೆ ಹಿಡಿಯುವುದರಿಂದ ಆ ಭಯಕ್ಕೆ ಈಗ ಹೆಚ್ಚಿನ ಆಧಾರವಿಲ್ಲ; ಆದರೂ ಮುಂದನ್ನು ನೆನೆದು ದಕ್ಷಿಣ ಅಮೆರಿಕದ ಚಿಲಿ ದೇಶ 2021ರಲ್ಲಿಯೇ ಮಿದುಳಿನ ಮಾಹಿತಿಗೆ ತನ್ನ ಸಂವಿಧಾನದಲ್ಲಿ ರಕ್ಷಣೆ ಕೊಟ್ಟಿತು. ನನ್ನ ಅಂಜಿಕೆ ಬೇರೆಯದು. ಮಾತು ಕಳೆದುಕೊಂಡವರ ಮನಸ್ಸನ್ನು ಯಾರಾದರೂ ಓದಿಬಿಟ್ಟಾರೆಂಬುದಲ್ಲ, ಓದಲು ಯಾರೂ ಕುಳಿತುಕೊಳ್ಳಲಾರರೆಂಬುದು.

ಆದ್ದರಿಂದ ನಮ್ಮ ಬಂಧುಗಳಲ್ಲಿ ಎರಡು ಬಿನ್ನಹ. ಮನೆಯಲ್ಲಿ ಯಾರಿಗಾದರೂ ಮಾತು ನಿಂತರೆ, ನಿಂತದ್ದು ಮಾತಿನ ಯಾವ ಭಾಗವೆಂಬುದನ್ನು ಮೊದಲು ಬಲ್ಲವರಿಂದ ತಿಳಿಯಿರಿ. ಕೈಚೀಲ ಬಿಚ್ಚುವುದು ಆಮೇಲೆ. ಮತ್ತು ನಿಮ್ಮ ಹಿರಿಯರು ಚೆನ್ನಾಗಿರುವಾಗಲೇ, ಇಂದು ಎಲ್ಲರ ಕಿಸೆಯಲ್ಲೂ ಇರುವ ದೂರವಾಣಿಯಿಂದ, ಅವರ ಮಾತನ್ನು ಒಂದೆರಡು ಗಂಟೆಯಷ್ಟಾದರೂ ಮುದ್ರಿಸಿಡಿ. ಭಾಷಣ ಬೇಡ, ಶುದ್ಧ ಪುಸ್ತಕದ ಕನ್ನಡವೂ ಬೇಡ. ಮಳೆ ಬೆಳೆಯ ವಿಷಯ, ಮದುವೆಯ ವಿಷಯ, ತೆಲುಗು ಬೆರೆತರೆ ಬೆರೆಯಲಿ; ಅವರು ಆಡುವ ಹಾಗೆಯೇ ಇರಲಿ. ಯಂತ್ರಗಳು ಇನ್ನು ಹತ್ತು ವರ್ಷಕ್ಕೆ ನಮ್ಮ ಊರಿಗೆ ಬಂದಾವು, ಇಪ್ಪತ್ತಕ್ಕೆ ಬಂದಾವು. ಅವು ಬರುವ ದಿನ ಅವುಗಳಿಗೆ ಕೊಡಲು ನಮ್ಮವರ ಧ್ವನಿ ನಮ್ಮ ಬಳಿ ಇರಬೇಕು.